ಮೂರು ದೆವ್ವ, 9 ಎಚ್‌ಪಿ

(ಶಿವಮೊಗ್ಗದಲ್ಲಿ ಮಳೆ ಹಿಡಿದ ಒಂದು ಭಾನುವಾರ ಸಂಜೆ, ಗೆಳೆಯರು ಸೇರಿಸಿದ್ದ ಸಣ್ಣ ಸಭೆಯಲ್ಲಿ ಆಡಿದ ಮಾತು ಇದು. ಮೊಬೈಲಿನಲ್ಲಿ ರೆಕಾರ್ಡ್ ಆಗಿದ್ದನ್ನು ಕೇಳಿಕೊಂಡು ಬರೆದಿದ್ದೇನೆ. ಮಳೆ ಸದ್ದಿಗೆ ಕೇಳಿಸದ ಕಡೆ ನೆನಪಿನಿಂದ ತುಂಬಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆಯಿಂದ ಹನಿ ಕಡಿದಿಲ್ಲ. ಇಂಥ ಮಳೆಯಲ್ಲಿ ವಿಡಿಯೋ ಗೇಮ್ ಬಗ್ಗೆ ಕೇಳೋಕೆ ನಾಲ್ಕು ಜನ ಬಂದರೆ ಹೆಚ್ಚು ಅಂದುಕೊಂಡಿದ್ದೆ. ಕುರ್ಚಿ ಸಾಲದೆ ಹಿಂದೆ ನಿಂತಿದ್ದೀರಿ. ಊರಲ್ಲಿ ಇವತ್ತು ಬೇರೆ ಕಾರ್ಯಕ್ರಮ ಇಲ್ಲ ಅಂತ ಕಾಣುತ್ತದೆ.

ಮಾತಿಗೆ ಮೊದಲು ಒಂದು ಕೆಲಸ. ನನ್ನ ಕೈಯಲ್ಲಿರೋದು ನಿಂಟೆಂಡೊ ಡಿಎಸ್ ಲೈಟ್. ಪುಸ್ತಕದ ಹಾಗೆ ಮಡಚುವ ಆಟದ ಯಂತ್ರ. ಬಿಚ್ಚಿದರೆ ಮೇಲೊಂದು ಕೆಳಗೊಂದು ಪರದೆ. ಬಲಗಡೆಯ ಕೀಲು ಬಿರುಕು ಬಿಟ್ಟಿದೆ, ಟೇಪ್ ಸುತ್ತಿದ್ದೇನೆ. ಬಚ್ಚಲ ಕಟ್ಟೆ ಮೇಲಿಂದ ನಾನೇ ಬೀಳಿಸಿದ್ದು. ಒಳಗಿರುವ ಆಟ ಡ್ರಾಗನ್ ಕ್ವೆಸ್ಟ್ ಐದು. ಈಗ ಅದರಲ್ಲಿ ಒಂದು ಹಾಳು ಕೋಟೆಯ ಒಳಗೆ, ನಡುರಾತ್ರಿ, ಆರು ವರ್ಷದ ಒಬ್ಬ ಹುಡುಗ ನಿಂತಿದ್ದಾನೆ. ಜೊತೆಗಿದ್ದ ಎಂಟು ವರ್ಷದ ಹುಡುಗಿ ಬಿಯಾಂಕಾ ಆಗಲೇ ಬಿದ್ದಿದ್ದಾಳೆ. ಎದುರಿಗೆ ಮೂರು ದೆವ್ವ. ಹುಡುಗನಿಗೆ ಉಳಿದಿರೋದು 9 ಎಚ್‌ಪಿ, ಅಂದರೆ ಇನ್ನು ಎರಡು ಮೂರು ಪೆಟ್ಟಿನ ಜೀವ. ಮಂತ್ರ ಹಾಕೋಕೆ ಶಕ್ತಿ ಮುಗಿದಿದೆ. ಚೀಲದಲ್ಲಿ ಒಂದೇ ಒಂದು ಔಷಧಿ ಸೊಪ್ಪು ಇದೆ. ಕಿಸೆಯಲ್ಲಿ 412 ಚಿನ್ನದ ನಾಣ್ಯ.

ಇದನ್ನು ಮುಂದಿನ ಸಾಲಿನಿಂದ ಕಳಿಸುತ್ತೇನೆ. ಒಬ್ಬೊಬ್ಬರೇ ನೋಡಿ ಪಕ್ಕದವರಿಗೆ ಕೊಡಿ. ಮಾಡೋಕೆ ಇರುವ ಕೆಲಸಗಳ ಪಟ್ಟಿ ಪರದೆ ಮೇಲೆ ಕಾಣುತ್ತದೆ: ಹೊಡೆ, ಮಂತ್ರ, ತಡೆ, ಚೀಲ. ಇಂಗ್ಲಿಷಲ್ಲಿದೆ, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ. ದಯವಿಟ್ಟು ಯಾರೂ ಏನೂ ಒತ್ತಬೇಡಿ. ನನ್ನ ಮಾತು ಮುಗಿಯೋಕೆ ಮುಕ್ಕಾಲು ಗಂಟೆ ಆಗಬಹುದು. ಅಲ್ಲಿವರೆಗೂ ಆ ಮೂರು ದೆವ್ವ ಹಾಗೇ ತೇಲುತ್ತಾ ನಿಂತಿರುತ್ತವೆ. ನೀವು ಏನಾದರೂ ಒತ್ತುವ ತನಕ ಅವು ಹೊಡೆಯುವ ಹಾಗಿಲ್ಲ.

ನಾನು ಹೇಳಬೇಕು ಅಂತ ಬಂದಿರೋದು ಇಷ್ಟೇ ವಿಷಯ. ದೆವ್ವ ಕಾಯುತ್ತದೆ ಅನ್ನೋದು.

ನಮ್ಮೂರು ತೀರ್ಥಹಳ್ಳಿ ಕಡೆ. ಈಗ ಇಲ್ಲೇ ಶಿವಮೊಗ್ಗದಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದೇನೆ. ಚಿಕ್ಕವನಿದ್ದಾಗ ಊರಲ್ಲಿ ಮಳೆಗಾಲದ ಆಟ ಅಂದರೆ ಚನ್ನೆಮಣೆ, ಚೌಕಾಬಾರ. ಎರಡೂ ಸರದಿಯ ಆಟ. ಅಜ್ಜಿ ಕವಡೆ ಹಿಡಿದುಕೊಂಡು ಅರ್ಧ ಗಂಟೆ ಯೋಚನೆ ಮಾಡಿದರೂ ನಾವು ಬಾಯಿ ಮುಚ್ಚಿಕೊಂಡು ಕಾಯಬೇಕಿತ್ತು. ಆಮೇಲೆ ಟಿವಿಗೆ ಸಿಕ್ಕಿಸುವ ವಿಡಿಯೋ ಗೇಮ್ ಬಂತು, ಒಂದೇ ಕ್ಯಾಸೆಟ್ಟಿನಲ್ಲಿ ನೂರಾರು ಆಟ ಅಂತ ಬರೆದುಕೊಂಡು. ಅದರಲ್ಲಿ ಕಾಯುವವರು ಯಾರೂ ಇಲ್ಲ. ಗುಂಡು ಬರುತ್ತದೆ, ಹಾರಬೇಕು. ಅಮ್ಮ ಒಳಗಿಂದ ಕರೆದಳು ಅಂತ ತಲೆ ತಿರುಗಿಸಿದರೆ ಸತ್ತೆ. ಆ ಕಾಲದಲ್ಲಿ ನಮ್ಮ ಮನೆಯ ಜಗಳಗಳಲ್ಲಿ ಮುಕ್ಕಾಲು ಪಾಲು ಇದಕ್ಕೇ ಆಗಿದ್ದು.

ಸರದಿಯ ಹೋರಾಟ ಅಂದರೆ ಏನು ಅಂತ ಈ ಊರಿನವರಿಗೆ ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ನೀವೆಲ್ಲ ತಾಳಮದ್ದಲೆ ಕೇಳಿದವರು. ವಾಲಿವಧೆ ನೆನಪು ಮಾಡಿಕೊಳ್ಳಿ. ವಾಲಿಯ ಎದೆಗೆ ಬಾಣ ನಾಟಿದೆ. ಅವನು ಸಾಯುತ್ತಿದ್ದಾನೆ. ಆದರೆ ಅರ್ಥಧಾರಿ ಒಳ್ಳೆಯವರಾದರೆ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಮರದ ಮರೆಯಲ್ಲಿ ನಿಂತು ಯಾಕೆ ಹೊಡೆದೆ, ಹೇಳು. ರಾಮ ಎದುರಿಗೆ ಕೂತು ಕೇಳುತ್ತಾನೆ. ಮಧ್ಯೆ ಬಾಯಿ ಹಾಕುವುದಿಲ್ಲ. ಅವನ ಸರದಿ ಬಂದ ಮೇಲೆ ಉತ್ತರ. ವಾಲಿಗೆ 1 ಎಚ್‌ಪಿ ಉಳಿದಿದ್ದರೂ ಮಾತು ಮಾತ್ರ ಪೂರ್ತಿ. ಅದನ್ನು ನೋಡಿ ಯಾರಾದರೂ ‘ನಿಜವಾದ ಯುದ್ಧದಲ್ಲಿ ಹೀಗೆಲ್ಲ ಕಾಯುತ್ತಾರಾ’ ಅಂತ ಕೇಳಿದ್ದು ಇದೆಯಾ? ವಿಡಿಯೋ ಗೇಮ್ ವಿಷಯದಲ್ಲಿ ಮಾತ್ರ ಎಲ್ಲರೂ ಇದನ್ನೇ ಕೇಳುತ್ತಾರೆ.

ಇತಿಹಾಸ ಬೇಗ ಮುಗಿಸಿಬಿಡುತ್ತೇನೆ. 1974ರಲ್ಲಿ ಅಮೆರಿಕದಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಬಂತು, ಕಾಗದ ಪೆನ್ಸಿಲು ದಾಳ ಇಟ್ಟುಕೊಂಡು ಆಡುವ ಆಟ. 1981ರಲ್ಲಿ ಅದೇ ದಾರಿಯ ವಿಝಾರ್ಡ್ರಿ, ಅಲ್ಟಿಮಾ ಕಂಪ್ಯೂಟರಿಗೆ ಬಂದವು. ಜಪಾನಿನ ಯೂಜಿ ಹೋರಿಯಿ ಇವನ್ನು ಆಡಿ ಹುಚ್ಚು ಹಿಡಿಸಿಕೊಂಡರು. ಇದನ್ನೇ ಕಂಪ್ಯೂಟರ್ ಇಲ್ಲದ ಮನೆಯ ಮಕ್ಕಳಿಗೂ ಕೊಡಬೇಕು ಅಂತ, ಫ್ಯಾಮಿಕಾಮ್ ಅನ್ನುವ ಟಿವಿ ಯಂತ್ರಕ್ಕೆ ಡ್ರಾಗನ್ ಕ್ವೆಸ್ಟ್ ಮಾಡಿದರು. 1986ರ ಮೇ 27ರಂದು ಬಂತು. ಚಿತ್ರ ಅಕಿರಾ ತೋರಿಯಾಮಾ ಅವರದು, ಸಂಗೀತ ಕೋಯಿಚಿ ಸುಗಿಯಾಮಾ ಅವರದು. ಮುಂದಿನ ವರ್ಷ ಡಿಸೆಂಬರಿನಲ್ಲಿ ಇನ್ನೊಂದು ಕಂಪನಿಯಿಂದ ಫೈನಲ್ ಫ್ಯಾಂಟಸಿ.

ಆ ಮೊದಲ ಡ್ರಾಗನ್ ಕ್ವೆಸ್ಟ್ ಪೂರ್ತಿ 64 ಕೆಬಿ. ಊರು, ಗುಹೆ, ರಾಕ್ಷಸರು, ರಾಜಕುಮಾರಿ, ಹಾಡು ಎಲ್ಲ ಸೇರಿ. ನಮ್ಮ ಅಂಗಡಿಯಲ್ಲಿ ಮದುವೆ ಕರೆಯೋಲೆಯ ಮೂಲೆಗೆ ಹಾಕುವ ಗಣಪತಿ ಚಿತ್ರ ಇದಕ್ಕಿಂತ ದೊಡ್ಡದು. ಜಾಗ ಉಳಿಸೋಕೆ ಅವರು ಜಪಾನಿ ಕಟಾಕಾನಾ ಲಿಪಿಯಲ್ಲಿ ಸುಮಾರು 20 ಅಕ್ಷರ ಮಾತ್ರ ಇಟ್ಟುಕೊಂಡು, ರಾಕ್ಷಸರ ಹೆಸರನ್ನೆಲ್ಲ ಅಷ್ಟರಲ್ಲೇ ಹೊಂದಿಸಿದರು. ಅಚ್ಚುಮೊಳೆ ಜೋಡಿಸಿದವರು ಯಾರಾದರೂ ಇಲ್ಲಿದ್ದರೆ ಅವರಿಗೆ ಗೊತ್ತಾಗುತ್ತದೆ ಆ ಕಷ್ಟ.

ಹಾಗಂತ ಹಳೆಯದೆಲ್ಲ ಚಿನ್ನ ಅಂತ ನಾನು ಹೇಳೋದಿಲ್ಲ. ಜಪಾನಿನ ಮೂಲ ಆವೃತ್ತಿಯಲ್ಲಿ ಯಾರನ್ನಾದರೂ ಮಾತಾಡಿಸಬೇಕು ಅಂದರೆ ಮೊದಲು ‘ಮಾತಾಡು’ ಅಂತ ಆರಿಸಬೇಕು. ಆಮೇಲೆ ಉತ್ತರವೋ ದಕ್ಷಿಣವೋ ಅಂತ ದಿಕ್ಕು ಆರಿಸಬೇಕು. ಮೆಟ್ಟಿಲ ಮೇಲೆ ನಿಂತರೆ ಸಾಲದು, ‘ಮೆಟ್ಟಿಲು’ ಅಂತ ಆಜ್ಞೆ ಕೊಟ್ಟರೆ ಮಾತ್ರ ಇಳಿಯುತ್ತಾನೆ. ಆಟ ಉಳಿಸಿಕೊಳ್ಳೋಕೆ ರಾಜ ಒಂದು ಮಂತ್ರ ಹೇಳುತ್ತಾನೆ, 20 ಅಕ್ಷರದ್ದು. ಅದನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಎರಡನೇ ಭಾಗದಲ್ಲಿ ಅದು 52 ಅಕ್ಷರದವರೆಗೂ ಹೋಯಿತು. ಒಂದು ಅಕ್ಷರ ತಪ್ಪಿದರೆ ವಾರದ ಕೆಲಸ ನೀರಿಗೆ. ನಾನು ದಿನಾ ಪ್ರೂಫ್ ನೋಡುವವನು. ಹೇಳುತ್ತೇನೆ ಕೇಳಿ, ಅರ್ಥವಿಲ್ಲದ 52 ಅಕ್ಷರವನ್ನು ತಪ್ಪಿಲ್ಲದೆ ನಕಲು ಮಾಡೋದು ದೊಡ್ಡವರಿಗೇ ಆಗುವ ಕೆಲಸ ಅಲ್ಲ. 1988ರಲ್ಲಿ ಮೂರನೇ ಭಾಗಕ್ಕೆ ಕ್ಯಾಸೆಟ್ ಒಳಗೇ ಬ್ಯಾಟರಿ ಇಟ್ಟು ಆಟ ಉಳಿಯುವ ಹಾಗೆ ಮಾಡಿದರು. ಅಲ್ಲಿಗೆ ಆ ಪೀಡೆ ತೊಲಗಿತು.

ಆದರೆ ಅದೇ ಮೊದಲ ಆಟದಲ್ಲಿ ಇನ್ನೊಂದು ಕಷ್ಟ ಇತ್ತು. ಗುಹೆಯೊಳಗೆ ಕತ್ತಲು. ಪಂಜು ಹಚ್ಚಿದರೆ ಸುತ್ತಲಿನ ಒಂದೊಂದು ಚೌಕ ಮಾತ್ರ ಕಾಣುತ್ತದೆ. ಉಳಿದದ್ದೆಲ್ಲ ಕಪ್ಪು. ಗೋಡೆ ಸವರಿಕೊಂಡು ಹೋದ ಹಾಗೆ ಹೋಗಬೇಕು. ಆಗುಂಬೆ ಕಡೆಯ ಮನೆಗಳಲ್ಲಿ ಕರೆಂಟು ಹೋದಾಗ ಬುಡ್ಡಿದೀಪ ಹಿಡಿದು ಕೊಟ್ಟಿಗೆಗೆ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇದೂ ಕಷ್ಟವೇ. ಆದರೆ ಇದನ್ನು ತೆಗೆದರೆ ಗುಹೆಯೇ ಹೋಯಿತು. ಮೆಟ್ಟಿಲಿನ ಆಜ್ಞೆ ತೆಗೆದರೆ ಯಾರಿಗೂ ನಷ್ಟ ಇಲ್ಲ. ಹಳೆಯ ಆಟವನ್ನು ಮತ್ತೆ ಮಾಡುವವರು ಮೊದಲು ಇದನ್ನು ಬೇರೆ ಮಾಡಿಕೊಳ್ಳಬೇಕು, ಯಾವುದು ಕಿರಿಕಿರಿ, ಯಾವುದು ರುಚಿ ಅಂತ.

ಕೈಯಲ್ಲಿ ಹಿಡಿಯುವ ಯಂತ್ರಗಳಿಗೆ ಈ ಆಟಗಳು ಒಂದೊಂದಾಗಿ ಇಳಿದವು. ಮೊದಲೆರಡು ಡ್ರಾಗನ್ ಕ್ವೆಸ್ಟ್ 1999ರಲ್ಲಿ ಗೇಮ್ ಬಾಯ್ ಕಲರ್‌ಗೆ. ಮೊದಲೆರಡು ಫೈನಲ್ ಫ್ಯಾಂಟಸಿ 2004ರಲ್ಲಿ ಗೇಮ್ ಬಾಯ್ ಅಡ್ವಾನ್ಸ್‌ಗೆ. ಡಿಎಸ್‌ಗೆ 2006ರಲ್ಲಿ ಫೈನಲ್ ಫ್ಯಾಂಟಸಿ ಮೂರು, 2007ರಲ್ಲಿ ಡ್ರಾಗನ್ ಕ್ವೆಸ್ಟ್ ನಾಲ್ಕು, 2008ರಲ್ಲಿ ಐದು, 2010ರಲ್ಲಿ ಆರು. ಎಲ್ಲ ಜಪಾನಿನ ಲೆಕ್ಕ, ಹೊರಗಡೆ ಸ್ವಲ್ಪ ತಡ. ಇದರಲ್ಲಿ ಫೈನಲ್ ಫ್ಯಾಂಟಸಿ ಮೂರರ ಕತೆ ತಮಾಷೆ. ಮೂಲ ಬಂದದ್ದು 1990ರಲ್ಲಿ, ಜಪಾನಿನಲ್ಲಿ ಮಾತ್ರ. ಉಳಿದ ಲೋಕಕ್ಕೆ ಅದು ಅಧಿಕೃತವಾಗಿ ಸಿಕ್ಕಿದ್ದೇ 16 ವರ್ಷ ಆದ ಮೇಲೆ, ಈ ಡಿಎಸ್ ರೂಪದಲ್ಲಿ. ಅಂದರೆ ಅಮೆರಿಕದವರಿಗೂ ರಿಮೇಕೇ ಮೂಲ. ನಮಗಂತೂ ಎಲ್ಲವೂ ಹಾಗೇ. ಪ್ರಸಂಗದ ಪುಸ್ತಕ ಓದಿ ಯಾರು ಯಕ್ಷಗಾನಕ್ಕೆ ಹೋಗುತ್ತಾರೆ ಹೇಳಿ. ನಾವು ಮೊದಲು ನೋಡಿದ ಮೇಳವೇ ನಮಗೆ ಪ್ರಸಂಗ.

ನನಗೆ ಈ ಯಂತ್ರ ಸಿಕ್ಕಿದ್ದು 2009ರಲ್ಲಿ. ಹೊರದೇಶದಲ್ಲಿದ್ದ ಭಾವ ಊರಿಗೆ ಬಂದವರು ‘ಮಕ್ಕಳಿಗೆ ಹೊಸದು ತಂದಾಯ್ತು, ಇದು ನಿನಗಿರಲಿ’ ಅಂತ ಕೊಟ್ಟರು. ಜೊತೆಗೆ ಮೂರು ಆಟ. ಆಗ ನನಗೆ ಇಪ್ಪತ್ತೆಂಟು. ಊರಲ್ಲಿ ಆ ಸಲ ಮಳೆ ಜೋರು, ಅಡಿಕೆ ತೋಟಕ್ಕೆ ಕೊಳೆರೋಗ ಬೀಳುವ ಭಯ. ಒಂದು ಮಧ್ಯಾಹ್ನ ಚಾವಡಿಯಲ್ಲಿ ಕೂತು ಆಡುತ್ತಿದ್ದೆ. ‘ಬಾರೋ, ಔಷಧಿ ಹೊಡೆಯೋಕೆ ಮರ ಹತ್ತಿಯಾಯ್ತು, ಕೆಳಗೆ ಪೈಪ್ ಹಿಡಿಯೋಕೆ ಜನ ಇಲ್ಲ’ ಅಂತ ಅಪ್ಪಯ್ಯ ಅಂಗಳದಿಂದ ಕೂಗಿದರು. ಯಂತ್ರ ಮಡಚಿದೆ. ಮಡಚಿದರೆ ಅದು ಹಾಗೇ ನಿದ್ದೆ ಹೋಗುತ್ತದೆ. ಕಂಬಳಿ ಕೊಪ್ಪೆ ಹಾಕಿಕೊಂಡು ಹೋದೆ. ಎರಡು ಗಂಟೆ ಬಿಟ್ಟು ಒದ್ದೆ ಮುದ್ದೆಯಾಗಿ ಬಂದು ಬಿಚ್ಚಿದರೆ ರಾಕ್ಷಸರು ಅಲ್ಲೇ ಇದ್ದಾರೆ, ನನ್ನ ಅಪ್ಪಣೆಗೆ ಕಾಯುತ್ತಾ. ಅಪ್ಪಯ್ಯ ಹಿಂದಿನಿಂದ ಬಗ್ಗಿ ನೋಡಿದರು. ‘ಎಂತದು ಮಾರಾಯ, ಅದು ಆಗಿನಿಂದ ಹಾಗೇ ನಿಂತಿದ್ಯಾ? ಒಳ್ಳೆಯ ಸ್ವಭಾವದ್ದು’ ಅಂದರು.

ಟಿವಿ ಗೇಮಿಗೂ ನಮ್ಮ ಮನೆಗೂ ಆಗದ ರಾಜಿ ಈ ಆಟಕ್ಕೂ ನಮ್ಮ ಮನೆಗೂ ಒಂದೇ ದಿನದಲ್ಲಿ ಆಯಿತು. ಬೆಂಗಳೂರಿನವರಿಗೆ ಇದು ಬಸ್ಸಿನಲ್ಲಿ ಆಡೋಕೆ ಅನುಕೂಲ. ನಮಗೆ ಕರೆದಾಗ ಎದ್ದು ಹೋಗೋಕೆ ಅನುಕೂಲ.

ತೊಂದರೆ ಇರಲಿಲ್ಲ ಅಂತ ಅಲ್ಲ. ಮಲೆನಾಡಿನ ಜುಲೈ ತಿಂಗಳಲ್ಲಿ ಚಪ್ಪಲಿಗೂ ಬೂಸಲು, ಪುಸ್ತಕಕ್ಕೂ ಬೂಸಲು. ಆಟದ ಕಾರ್ಡಿನ ಹಿಂದಿರುವ ಹಿತ್ತಾಳೆ ಬಣ್ಣದ ಗೆರೆಗಳಿಗೆ ಕಿಲುಬು ಹತ್ತಿತು. ಯಂತ್ರಕ್ಕೆ ಹಾಕಿದರೆ ‘ಕಾರ್ಡೇ ಇಲ್ಲ’ ಅನ್ನುತ್ತದೆ. ಪೆನ್ಸಿಲ್ ರಬ್ಬರಿನಲ್ಲಿ ಮೆಲ್ಲಗೆ ಉಜ್ಜಿ, ರಾತ್ರಿ ಅಕ್ಕಿ ಡಬ್ಬದಲ್ಲಿ ಹೂತಿಡುತ್ತಿದ್ದೆ. ಒಂದು ದಿನ ಅಮ್ಮ ಅನ್ನಕ್ಕೆ ಅಕ್ಕಿ ಅಳೆಯುವಾಗ ಫೈನಲ್ ಫ್ಯಾಂಟಸಿ ಮೂರು ಸೇರಿನ ಜೊತೆ ಹೊರಗೆ ಬಂತು.

ಆ ಫೈನಲ್ ಫ್ಯಾಂಟಸಿ ಮೂರರ ಮೇಲೆ ನನಗೆ ಇವತ್ತಿಗೂ ಒಂದು ಸಿಟ್ಟಿದೆ. ರಿಮೇಕ್ ಮಾಡುವಾಗ ಎಲ್ಲವನ್ನೂ ಬದಲಾಯಿಸಿದರು. ಹೆಸರಿಲ್ಲದ ನಾಲ್ಕು ಹುಡುಗರಿಗೆ ಹೆಸರು ಕೊಟ್ಟರು, ಊರು ಕೊಟ್ಟರು. ಚಿತ್ರ ಮೂರು ಆಯಾಮಕ್ಕೆ ತಿರುಗಿತು. ಅದರ ಭಾರ ತಡೆಯದೆ ಒಂದು ಸಲಕ್ಕೆ ಮೂರೇ ಶತ್ರುಗಳು ಬರುವ ಹಾಗಾಯಿತು. ಆದರೆ ಕೊನೆಯ ಗೋಪುರವನ್ನು ಮಾತ್ರ ಹಾಗೇ ಬಿಟ್ಟರು. ಕ್ರಿಸ್ಟಲ್ ಟವರ್ ಹತ್ತಬೇಕು, ಅಲ್ಲಿಂದ ಕತ್ತಲ ಲೋಕಕ್ಕೆ ಹೋಗಬೇಕು, ಅಲ್ಲಿ ನಾಲ್ಕು ದೊಡ್ಡ ರಾಕ್ಷಸರು, ಆಮೇಲೆ ಕೊನೆಯವಳು, ಕ್ಲೌಡ್ ಆಫ್ ಡಾರ್ಕ್‌ನೆಸ್. ಮಧ್ಯೆ ಸತ್ತರೆ ವಾಪಸ್ ಬರೋಕೆ ಒಂದೂ ಸೇವ್ ಪಾಯಿಂಟ್, ಅಂದರೆ ಆಟ ಉಳಿಸಿಕೊಳ್ಳುವ ಜಾಗ, ಇಲ್ಲ. ಎಲ್ಲ ಮತ್ತೆ ಕೆಳಗಿನಿಂದ. ಆ ದಿನ ಮರ ಬಿದ್ದು ಲೈನ್ ಹೋಗಿ ಎರಡನೇ ರಾತ್ರಿ. ಮನೆಯಲ್ಲಿ ಉರಿಯುತ್ತಿದ್ದ ಬೆಳಕು ಅಂದರೆ ನನ್ನ ಕೈಯಲ್ಲಿದ್ದ ಪರದೆಯೊಂದೇ. ಸುಮಾರು ಎರಡು ಗಂಟೆ ಹತ್ತಿ, ಕೊನೆಯವಳ ಎದುರು ನಿಂತೆ. ಅವಳು ಒಂದು ಕಿರಣ ಬಿಟ್ಟಳು. ನಾಲ್ಕೂ ಜನ ಒಟ್ಟಿಗೇ ಮಲಗಿದರು. ನಾನು ಯಂತ್ರ ಮಡಚಿ ಕತ್ತಲಲ್ಲಿ ಕೂತೆ. ಹೊರಗೆ ಕಪ್ಪೆಗಳು ನಗುತ್ತಿದ್ದವು.

ಇದು ರುಚಿಯೋ ಕಿರಿಕಿರಿಯೋ? ಆಗ ಕಿರಿಕಿರಿ ಅಂತಲೇ ಅಂದಿದ್ದೆ. ಈಗಲೂ ಹಾಗೇ ಅನ್ನುತ್ತೇನೆ. ಯೋಚಿಸೋಕೆ ಕಾಯುವುದು ಬೇರೆ. ಆಗಲೇ ಮಾಡಿ ಮುಗಿಸಿದ ಕೆಲಸವನ್ನು ಮತ್ತೆ ಮಾಡಿಸುವುದು ಬೇರೆ. ಮೊದಲನೆಯದರಲ್ಲಿ ಆಟ ನನಗೆ ಕಾಯುತ್ತದೆ, ಎರಡನೆಯದರಲ್ಲಿ ನಾನು ಆಟಕ್ಕೆ ಕಾಯುತ್ತೇನೆ.

ಅಲ್ಲಿ ಯಾರೋ ಕೈ ಎತ್ತಿದರು. ಹೇಳಿ. ಹಾಂ, ಗ್ರೈಂಡಿಂಗ್. ಒಳ್ಳೆಯ ಪ್ರಶ್ನೆ. ಶಕ್ತಿ ಬೆಳೆಸಿಕೊಳ್ಳೋಕೆ ಒಂದೇ ಜಾಗದಲ್ಲಿ ಸುತ್ತುತ್ತಾ ಅದೇ ಸಣ್ಣ ರಾಕ್ಷಸರನ್ನು ನೂರು ಸಲ ಹೊಡೆಯೋದಕ್ಕೆ ಆಟಗಾರರು ಗ್ರೈಂಡ್ ಮಾಡೋದು ಅನ್ನುತ್ತಾರೆ. ನಾನೊಮ್ಮೆ ಫೋನಿನಲ್ಲಿ ಗೆಳೆಯನಿಗೆ ‘ನಿನ್ನೆ ರಾತ್ರಿ ಮೂರು ಗಂಟೆ ಗ್ರೈಂಡ್ ಮಾಡಿದೆ’ ಅಂದಿದ್ದನ್ನು ಕೇಳಿ ಅಮ್ಮ, ‘ಕರೆಂಟೇ ಇರಲಿಲ್ಲವಲ್ಲೋ’ ಅಂದಳು. ಅವಳ ಲೆಕ್ಕದಲ್ಲಿ ದೋಸೆ ಹಿಟ್ಟು. ಅದೂ ಕಾಯಿಸುವುದೇ ಅಲ್ವಾ ಅಂತ ಇವರು ಕೇಳುತ್ತಿದ್ದಾರೆ. ನನಗೆ ಹಾಗೆ ಅನ್ನಿಸೋದಿಲ್ಲ. ಅಡಿಕೆ ಸುಲಿಯೋಕೆ ಕೂತವರನ್ನು ನೋಡಿ. ಮೆಟ್ಟುಗತ್ತಿ ಮುಂದೆ ಕೂತರೆ ಕೈ ತನ್ನ ಪಾಡಿಗೆ ತಾನು ಓಡುತ್ತಿರುತ್ತದೆ, ಬಾಯಿ ಊರಿನ ಸುದ್ದಿ ಮಾತಾಡುತ್ತಿರುತ್ತದೆ. ಡಬ್ಬ ತುಂಬುತ್ತದೆ. ಅದರಲ್ಲಿ ಒಂದು ಸಮಾಧಾನ ಇದೆ. ಆದರೆ ಸುಲಿದಿಟ್ಟ ಅಡಿಕೆಗೆ ಮತ್ತೆ ಸಿಪ್ಪೆ ಹಾಕಿ ‘ಇನ್ನೊಮ್ಮೆ ಸುಲಿ’ ಅಂದರೆ ಯಾರು ಕೂರುತ್ತಾರೆ? ಆ ಕ್ರಿಸ್ಟಲ್ ಟವರ್ ಮಾಡಿದ್ದು ಅದನ್ನೇ.

ಡ್ರಾಗನ್ ಕ್ವೆಸ್ಟ್ ನಾಲ್ಕರ ಬಗ್ಗೆ ಎರಡು ಮಾತು ಹೇಳಲೇಬೇಕು. ಅದರ ಮೂರನೇ ಅಧ್ಯಾಯದ ನಾಯಕ ಟೊರ್ನೆಕೊ, ಹೊಟ್ಟೆ ದೊಡ್ಡದಿರುವ ಒಬ್ಬ ಅಂಗಡಿ ಕೆಲಸಗಾರ. ಬೆಳಿಗ್ಗೆ ಹೆಂಡತಿ ಎಬ್ಬಿಸಿ ಬುತ್ತಿ ಕಟ್ಟಿ ಕೊಡುತ್ತಾಳೆ. ಹೋಗಿ ಆಯುಧದ ಅಂಗಡಿಯಲ್ಲಿ ನಿಲ್ಲುತ್ತಾನೆ. ಗಿರಾಕಿ ಬಂದು ಕತ್ತಿ ಇದೆಯಾ ಕೇಳುತ್ತಾನೆ, ಇದೆ ಅನ್ನಬೇಕು. ಸಂಜೆ ಯಜಮಾನ ಕೂಲಿ ಕೊಡುತ್ತಾನೆ. ಮನೆಗೆ ಬಂದು ಮಲಗುವುದು. ಮರುದಿನ ಮತ್ತೆ ಬುತ್ತಿ. ಬೇರೆ ಎಲ್ಲ ಆಟಗಳಲ್ಲಿ ನೀವು ಕತ್ತಿ ಕೊಳ್ಳುವ ಕಡೆ ನಿಂತಿರುತ್ತೀರಿ. ಇದರಲ್ಲಿ ಕೌಂಟರಿನ ಈಚೆ. ಗಾಂಧಿ ಬಜಾರಿನ ಅಂಗಡಿಗಳಲ್ಲಿ ದುಡಿದ ಯಾರಿಗೇ ತೋರಿಸಿದರೂ ಅರ್ಥವಾಗುವ ಅಧ್ಯಾಯ. ಇಷ್ಟವಿದ್ದರೆ ಟೊರ್ನೆಕೊನನ್ನು ದಿನಗಟ್ಟಲೆ ಅಲ್ಲೇ ನಿಲ್ಲಿಸಬಹುದು, ಲೋಕ ಮುಳುಗೋದಿಲ್ಲ.

ಇಂಗ್ಲಿಷಿಗೆ ತರುವಾಗ ಒಂದು ಚಂದದ ಕೆಲಸ ಮಾಡಿದರು, ಒಂದು ಕೆಟ್ಟ ಕೆಲಸ ಮಾಡಿದರು. ಚಂದದ್ದು, ಒಂದೊಂದು ಸೀಮೆಗೆ ಒಂದೊಂದು ಮಾತಿನ ಧಾಟಿ. ಮೊದಲ ಅಧ್ಯಾಯದವರು ಸ್ಕಾಟ್ಲೆಂಡಿನವರ ಹಾಗೆ, ಎರಡನೆಯದರವರು ರಷ್ಯಾದವರ ಹಾಗೆ, ಟೊರ್ನೆಕೊನ ಕಡೆಯವರು ಐರ್ಲೆಂಡಿನವರ ಹಾಗೆ. ಘಟ್ಟ ಇಳಿದರೆ ಕನ್ನಡ ಬದಲಾಗುತ್ತದೆ, ಸಾಗರದ ಕಡೆ ಹೋದರೆ ಇನ್ನೊಂದು ಥರ, ಶಿಕಾರಿಪುರ ದಾಟಿದರೆ ಮತ್ತೊಂದು. ಹಾಗೆ. ಕೆಟ್ಟದ್ದು, ಜಪಾನಿ ಆವೃತ್ತಿಯಲ್ಲಿ ಜೊತೆಗಾರರನ್ನು ದಾರಿಯಲ್ಲಿ ಯಾವಾಗ ಬೇಕಾದರೂ ಮಾತಾಡಿಸಬಹುದಿತ್ತು, ಇಂಗ್ಲಿಷ್ ಡಿಎಸ್ ಆವೃತ್ತಿಯಲ್ಲಿ ಅದನ್ನು ಪೂರ್ತಿ ಕಿತ್ತುಹಾಕಿದರು. ಕತೆಗೆ ಬೇಕಾಗದ ಸುಮ್ನೆ ಮಾತು ಅದು. ದಾರಿ ಸಾಗೋದು ಅದರಿಂದಲೇ ಅಲ್ವಾ? 2014ರ ಮೊಬೈಲ್ ಆವೃತ್ತಿಯಲ್ಲಿ ವಾಪಸ್ ಕೊಟ್ಟರು.

ಈಗ ಐದಕ್ಕೆ ಬರುತ್ತೇನೆ. ನಿಮ್ಮ ಕೈಯಲ್ಲಿ ಓಡಾಡುತ್ತಿರುವ ಆಟ. ಮೂಲ 1992ರದು. ಕತೆ ಹೇಳಿಬಿಡುತ್ತೇನೆ. ಮೂವತ್ತು ವರ್ಷ ದಾಟಿದ ಆಟ, ಇನ್ನೇನು ಗುಟ್ಟು.

ಆ ಹುಡುಗ ಕೋಟೆಗೆ ಯಾಕೆ ಹೋದ? ಪಕ್ಕದ ಊರಲ್ಲಿ ಇಬ್ಬರು ತುಂಟರು ಒಂದು ಚಿರತೆ ಮರಿಯಂಥ ಪ್ರಾಣಿಯನ್ನು ಕಟ್ಟಿಹಾಕಿ ಹಿಂಸೆ ಕೊಡುತ್ತಿದ್ದರು. ಬಿಡಿ ಅಂದರೆ, ‘ಕೋಟೆಯ ದೆವ್ವ ಓಡಿಸಿ ಬಾ, ಕೊಡುತ್ತೇವೆ’ ಅಂದರು. ಬಿಯಾಂಕಾ ರಾತ್ರಿ ಅವನನ್ನು ಎಬ್ಬಿಸಿ ಕರೆದುಕೊಂಡು ಹೋಗುತ್ತಾಳೆ. ಮರಿ ಅವನದಾಗುತ್ತದೆ.

ಆಮೇಲೆ ಸ್ವಲ್ಪ ದಿನಕ್ಕೆ ಅವನ ಅಪ್ಪ ಪಂಕ್ರಾಜ್ ಸಾಯುತ್ತಾನೆ. ಹೇಗೆ ಸಾಯುತ್ತಾನೆ ಅನ್ನೋದನ್ನು ಹೇಳೋಕೆ ನಾನು ಇವತ್ತು ಬಂದಿದ್ದು ಅಂದರೂ ನಡೆಯುತ್ತದೆ. ಪಂಕ್ರಾಜ್ ಬಲಶಾಲಿ. ಅಲ್ಲಿವರೆಗೆ ಅವನು ಎದುರಿಗಿದ್ದವರನ್ನೆಲ್ಲ ಒಂದೆರಡು ಪೆಟ್ಟಿಗೆ ಮುಗಿಸುವುದನ್ನು ನೀವು ನೋಡಿರುತ್ತೀರಿ. ಖಳ ಲಡ್ಜಾ ಬರುತ್ತಾನೆ, ಮೂರ್ಛೆ ಹೋದ ಹುಡುಗನ ಕುತ್ತಿಗೆಗೆ ಕುಡುಗೋಲು ಇಡುತ್ತಾನೆ. ನೀನು ಕೈ ಎತ್ತಿದರೆ ಮಗ ಹೋದ. ಹೋರಾಟ ಶುರುವಾಗುತ್ತದೆ. ಇಬ್ಬರು ಬಂಟರು ಹೊಡೆಯುತ್ತಾರೆ. ಪಂಕ್ರಾಜ್‌ನ ಸರದಿ ಬರುತ್ತದೆ. ಅವನು ಸಹಿಸಿಕೊಂಡು ನಿಲ್ಲುತ್ತಾನೆ. ಮತ್ತೆ ಹೊಡೆಯುತ್ತಾರೆ. ಮತ್ತೆ ಅವನ ಸರದಿ. ಮತ್ತೆ ಸುಮ್ಮನೆ ನಿಲ್ಲುತ್ತಾನೆ. ಎಚ್‌ಪಿ ಇಳಿಯುತ್ತಾ ಇಳಿಯುತ್ತಾ ಬರುತ್ತದೆ. ನಿಮಗೆ ಒತ್ತೋಕೆ ಏನೂ ಕೊಟ್ಟಿಲ್ಲ.

ಬೇರೆ ಥರದ ಆಟದಲ್ಲಿ ಇದು ಒಂದು ವಿಡಿಯೋ ತುಣುಕು ಆಗುತ್ತಿತ್ತು, ನೋಡಿ ಮರೆಯುತ್ತಿದ್ದೆವು. ಇಲ್ಲಿ ಹಾಗಲ್ಲ. ಆಟ ಶುರುವಾದಾಗಿನಿಂದ ‘ಸರದಿ ಬಂದರೆ ಏನಾದರೂ ಮಾಡಬೇಕು’ ಅಂತ ನಿಮ್ಮ ಬೆರಳಿಗೆ ಅಭ್ಯಾಸ ಆಗಿದೆ. ಸರದಿ ಬರುತ್ತದೆ, ಅವನು ಬಿಟ್ಟುಕೊಡುತ್ತಾನೆ. ಬಂದದ್ದನ್ನು ಬಿಟ್ಟುಕೊಡೋದು ಎಷ್ಟು ಭಾರ ಅಂತ ತೋರಿಸೋಕೆ ಮೊದಲು ಸರದಿ ಅನ್ನೋದು ಇರಬೇಕು. 2009ರಲ್ಲಿ ಇದನ್ನು ಆಡಿದಾಗ ನನಗೆ ಲಡ್ಜಾ ಮೇಲೆ ಕೋಪ ಬಂದಿತ್ತು, ಅಷ್ಟೇ. ಕಳೆದ ವರ್ಷ ಮತ್ತೆ ಶುರು ಮಾಡಿದೆ. ಅಪ್ಪಯ್ಯ ಹೋಗಿ ಆರು ವರ್ಷ ಆಗಿತ್ತು. ಈ ಜಾಗಕ್ಕೆ ಬಂದಾಗ ಯಂತ್ರ ಮಡಚಿ ಇಟ್ಟೆ. ನಾಲ್ಕು ದಿನ ಬಿಚ್ಚಲಿಲ್ಲ. ಚಾರ್ಜಿಗೆ ಹಾಕುತ್ತಾ ಇದ್ದೆ, ಬಿಚ್ಚಲಿಲ್ಲ. ಮಡಚಿಟ್ಟ ಅಷ್ಟು ದಿನ ಪಂಕ್ರಾಜ್ ಬದುಕಿದ್ದ.

ಮುಂದಕ್ಕೆ ಹೋಗೋಣ. ಹುಡುಗ ಹತ್ತು ವರ್ಷ ಬೆಟ್ಟದ ಮೇಲೆ ಜೀತ ಮಾಡಿ ತಪ್ಪಿಸಿಕೊಂಡು ಬರುತ್ತಾನೆ. ಒಂದು ಹಳ್ಳಿಯಲ್ಲಿ ಜನ ಅವನನ್ನು ಹಿಡಿದುಕೊಳ್ಳುತ್ತಾರೆ. ಯಾವುದೋ ಮೃಗ ರಾತ್ರಿ ಹೊಲಕ್ಕೆ ಇಳಿದು ಬೆಳೆ ಹಾಳು ಮಾಡುತ್ತಿದೆ, ದುಡ್ಡು ಕೊಡುತ್ತೇವೆ, ಮುಗಿಸಿ ಬಾ. ಹಂದಿ, ಮಂಗ, ಕಾಟಿ ಅಂತ ದಿನಾ ಬಡಿದಾಡುವ ನಮಗೆ ಆ ಹಳ್ಳಿಯವರ ಮುಖ ಗೊತ್ತಿರುವಂಥದ್ದೇ. ಗುಹೆಗೆ ಹೋದರೆ ದೊಡ್ಡ ಚಿರತೆಯಂಥ ಮೃಗ ಮೇಲೆ ಬೀಳುತ್ತದೆ. ‘ಹೊಡೆ’ ಅಂತ ಒತ್ತಬಹುದು. ಆದರೆ ಹೊಡೆತದ ಮಧ್ಯೆ ಅದು ಸ್ವಲ್ಪ ತಡೆಯುತ್ತದೆ, ಏನೋ ನೆನಪು ಬಂದ ಹಾಗೆ. ಚೀಲದಲ್ಲಿ ಬಿಯಾಂಕಾ ಚಿಕ್ಕವಳಿದ್ದಾಗ ಕಟ್ಟಿಕೊಂಡಿದ್ದ ರಿಬ್ಬನ್ ಇದ್ದರೆ, ಚೀಲ ಬಿಚ್ಚಿ ಅದನ್ನು ಹಿಡಿದರೆ, ಅದು ಮೂಸಿ ನೋಡಿ ಕಾಲ ಹತ್ತಿರ ಬಂದು ಕೂರುತ್ತದೆ. ಅದೇ ಮರಿ.

ದೆವ್ವ ಕಾಯೋದರ ಉಪಯೋಗ ಇದು. ಓಡುತ್ತಾ ಹೊಡೆಯುವ ಆಟದಲ್ಲಿ ಚೀಲದ ರಿಬ್ಬನ್ ನೆನಪಾಗೋಕೆ ಪುರುಸೊತ್ತು ಎಲ್ಲಿದೆ? ಇನ್ನು ಹಳ್ಳಿಯವರು. ಮೃಗವನ್ನು ಪಕ್ಕದಲ್ಲಿ ಕರೆದುಕೊಂಡು ಬಂದದ್ದನ್ನು ನೋಡಿ, ‘ಓ, ಮೊದಲಿನಿಂದಲೂ ಇವನದೇ ಕೆಲಸ’ ಅಂದುಕೊಂಡು ಉಳಿದ ದುಡ್ಡು ಎಸೆದು ಕಳಿಸಿಬಿಡುತ್ತಾರೆ. ಇದನ್ನೂ ನಾವು ನೋಡಿದ್ದೇವೆ.

ಮದುವೆ ಪ್ರಸಂಗ ಹಾರಿಸುತ್ತೇನೆ. ಬಾಲ್ಯದ ಗೆಳತಿಯೋ ಸಾಹುಕಾರನ ಮಗಳೋ ಅಂತ ಆರಿಸಬೇಕು. ಡಿಎಸ್‌ನಲ್ಲಿ ಡೆಬೋರಾ ಅಂತ ಮೂರನೆಯವಳನ್ನೂ ಸೇರಿಸಿದರು. ಇದರ ಬಗ್ಗೆ ಜಗಳ ಆಡೋಕೆ ಇನ್ನೊಂದು ಭಾನುವಾರ ಬೇಕು.

ಇನ್ನೊಂದೇ ಜಾಗ. ನಾಯಕನೂ ಅವನ ಹೆಂಡತಿಯೂ ಕಲ್ಲಾಗುತ್ತಾರೆ. ಅವನನ್ನು ಹರಾಜಿನಲ್ಲಿ ಒಬ್ಬ ಶ್ರೀಮಂತ ಕೊಂಡು, ಆಗ ತಾನೇ ಹುಟ್ಟಿದ ಮಗನಿಗೆ ಕಾವಲು ದೇವರಿರಲಿ ಅಂತ ಅಂಗಳದಲ್ಲಿ ನಿಲ್ಲಿಸುತ್ತಾನೆ. ಎಂಟು ವರ್ಷ. ಕಾಲ ಬದಲಾಗುತ್ತದೆ, ಆ ಮಗು ಅಂಬೆಗಾಲಿಡುತ್ತದೆ, ನಡೆಯುತ್ತದೆ. ಒಂದು ದಿನ ರಾಕ್ಷಸರು ಬಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅಪ್ಪ ಬಂದು ಕಲ್ಲನ್ನು ಒದ್ದು ಬೀಳಿಸುತ್ತಾನೆ, ನೀನೆಂಥ ದೇವರು ಅಂತ. ಅಷ್ಟೂ ಹೊತ್ತು ನೀವು ಗುಂಡಿ ಒತ್ತಿದರೂ ಏನೂ ಆಗುವುದಿಲ್ಲ. ಇಲ್ಲಿವರೆಗೆ ರಾಕ್ಷಸರು ನಿಮಗೆ ಕಾದರು. ಈಗ ಸರದಿಯೇ ಬರದೆ ನಿಂತಿರೋದು ನೀವು.

ಹೊಸ ರಿಮೇಕುಗಳ ಬಗ್ಗೆ ಕೇಳುತ್ತೀರಿ ಅಂತ ಗೊತ್ತಿತ್ತು. ಡ್ರಾಗನ್ ಕ್ವೆಸ್ಟ್ ಮೂರನೇ ಭಾಗ 2024ರ ನವೆಂಬರಿನಲ್ಲಿ ಮತ್ತೆ ಬಂತು, ನಿಂಟೆಂಡೊದ ಸ್ವಿಚ್ ಯಂತ್ರಕ್ಕೂ ಬಂದಿದೆ. ಅದು ಹೊರಬರುವ ಹೊತ್ತಿಗೆ ತೋರಿಯಾಮಾ, ಸುಗಿಯಾಮಾ ಇಬ್ಬರೂ ಇರಲಿಲ್ಲ. ಕಣ್ಣಿಗೆ ಹಬ್ಬ. ಹೋರಾಟದ ವೇಗವನ್ನು ಮೂರು ಹಂತದಲ್ಲಿ ಏರಿಸಬಹುದು. ಡ್ರಾಕಿ ಕ್ವೆಸ್ಟ್ ಅಂತ ಸುಲಭದ ದಾರಿ ಇದೆ, ಅದರಲ್ಲಿ ಎಷ್ಟು ಹೊಡೆತ ಬಿದ್ದರೂ ಸಾಯುವುದಿಲ್ಲ. ಇವುಗಳನ್ನು ಬೈಯೋಕೆ ನನಗೆ ಮನಸ್ಸಿಲ್ಲ. ಪುರುಸೊತ್ತಿಲ್ಲದವರು ಆಡಲಿ. ಆದರೆ ನನ್ನ ಅಳಿಯ ಅತಿ ವೇಗದಲ್ಲಿ ಇಟ್ಟು ಆಡುವುದನ್ನು ಪಕ್ಕದಲ್ಲಿ ಕೂತು ನೋಡಿದೆ. ಪಟಪಟ ಅಂತ ಒಂದೇ ಗುಂಡಿ. ಎದುರಿಗೆ ಯಾರಿದ್ದರು ಅಂತ ಕೇಳಿದೆ. ‘ಗೊತ್ತಿಲ್ಲ ಮಾವ, ಸತ್ತರು’ ಅಂದ.

ಸರಿ, ಯಂತ್ರ ಎಲ್ಲಿಗೆ ಬಂತು? ಹಿಂದಿನ ಸಾಲಿನಿಂದ ಕಳಿಸಿ. ಅಷ್ಟರಲ್ಲಿ ಒಂದು ಪ್ರಶ್ನೆ. ಹೇಳಿ ಮೇಷ್ಟ್ರೇ. ‘ಔಷಧಿ ಸೊಪ್ಪು ತಿನ್ನಿಸಬಹುದಿತ್ತಲ್ಲ?’ ಸರಿಯಾದ ಯೋಚನೆ. ಆದರೆ ಮೂರು ದೆವ್ವದ ಏಟು ಅದಕ್ಕಿಂತ ಜಾಸ್ತಿ ಬೀಳಬಹುದು. ಓಡಿಹೋಗಬಹುದು, ಓಡೋಕೆ ಆಗದೆಯೂ ಇರಬಹುದು. ನೀವು ಇಷ್ಟು ಹೊತ್ತು ಅದನ್ನೇ ಯೋಚನೆ ಮಾಡುತ್ತಿದ್ದಿರಾ? ನನ್ನ ಮಾತು ಕೇಳಲಿಲ್ಲವಾ?

ಹಾಂ, ಬಂತು. ಕೊಡಿ ಇಲ್ಲಿ.

ಇದೇನಿದು. ಹುಡುಗ ಚರ್ಚಿನಲ್ಲಿ ನಿಂತಿದ್ದಾನೆ. ದೆವ್ವಗಳಿಲ್ಲ. ಕಿಸೆಯಲ್ಲಿ 206. ಇಲ್ಲಿ ಸತ್ತರೆ ಅರ್ಧ ಚಿನ್ನ ಹೋಗುತ್ತದೆ, ಅದನ್ನು ಹೇಳೋಕೆ ಮರೆತಿದ್ದೆ.

ಯಾರು ಒತ್ತಿದ್ದು? ಬೈಯೋದಿಲ್ಲ, ಹೇಳಿ. ಮೂರನೇ ಸಾಲಿನ ಪುಟ್ಟನಾ? ಏನು ಒತ್ತಿದೆ ಮಗಾ?

‘ಹೊಡೆ’ ಅಂತಾನೆ.